ಕೆಲಸ ಹೋದ ತಾರೀಖು ಯಾವುದು?

ಕಾರವಾರದಲ್ಲಿ ನನ್ನದೊಂದು ಸಣ್ಣ ಅಂಗಡಿ. ಝೆರಾಕ್ಸ್, ಫೋಟೋ, ಆನ್‌ಲೈನ್ ಅರ್ಜಿ. ಮಳೆಗಾಲದಲ್ಲಿ ಕರೆಂಟ್ ಇದ್ದರೆ ನೆಟ್ ಇಲ್ಲ, ನೆಟ್ ಇದ್ದರೆ ಸರ್ವರ್ ಇಲ್ಲ. ಸರಿಯಾಗಿ ಅಂಥ ಹೊತ್ತಿಗೇ ಯಾರಾದರೂ ಕೊಡೆ ಮಡಚಿ ಬಾಗಿಲಿಗೆ ಒರಗಿಸಿಟ್ಟು ಒಳಗೆ ಬರುತ್ತಾರೆ. "ಕೆಲಸ ಹೋಯ್ತು ಮಾರಾಯ್ರೆ. ಸರ್ಕಾರದಿಂದ ಏನೋ ದುಡ್ಡು ಬರ್ತದಂತಲ್ಲ, ಅದನ್ನೊಂದು ಹಾಕಿಕೊಡಿ."

ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ಯಾವ ತಾರೀಖಿಗೆ ಹೋಯ್ತು?

ಬರುವ ಉತ್ತರ ಕೇಳಬೇಕು. "ಕಾಳಿ ಹಳೇ ಸೇತುವೆ ಬಿತ್ತಲ್ಲ, ಅದಾಗಿ ಒಂದು ವಾರಕ್ಕೆ." "ಶಿರೂರಲ್ಲಿ ಗುಡ್ಡ ಜಾರಿ ರಸ್ತೆ ಬಂದ್ ಆಗಿತ್ತು ನೋಡಿ, ಆಗ." ಘಟ್ಟದ ಮೇಲಿನವರಾದರೆ "ಮಾರಿಕಾಂಬಾ ಜಾತ್ರೆ ಮುಗಿದ ಮೇಲೆ." ನಮ್ಮ ಜಿಲ್ಲೆಯವರಿಗೆ ಇದರಲ್ಲಿ ಯಾವ ಗೊಂದಲವೂ ಇಲ್ಲ. ಗುಡ್ಡ ಜಾರಿದ್ದು 2024ರ ಜುಲೈ 16, ಸೇತುವೆ ಬಿದ್ದದ್ದು ಅದೇ ವರ್ಷ ಆಗಸ್ಟ್ 7ರ ನಸುಕಿನಲ್ಲಿ. ಆದರೆ ಪೋರ್ಟಲ್‌ಗೆ ಸೇತುವೆಯೂ ಗೊತ್ತಿಲ್ಲ, ಜಾತ್ರೆಯೂ ಗೊತ್ತಿಲ್ಲ. ಅದಕ್ಕೆ ಬೇಕಾದ್ದು ದಿನ, ತಿಂಗಳು, ವರ್ಷ. ಆ ಮೂರರ ಮೇಲೆಯೇ ಹಣ ಸಿಗುತ್ತದೋ ಇಲ್ಲವೋ ಎಂಬುದು ನಿಂತಿರುತ್ತದೆ. ಕಷ್ಟ ಎಷ್ಟಿದೆ ಅಂತ ಯಾವ ಫಾರಂನಲ್ಲೂ ಕಾಲಂ ಇಲ್ಲ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. "ನಿರುದ್ಯೋಗ ಭತ್ಯೆ" ಅಂತ ಎಲ್ಲರಿಗೂ ಸಿಗುವ ಒಂದೇ ಯೋಜನೆ ನಮ್ಮಲ್ಲಿ ಇಲ್ಲ. ಇರುವುದು ಬೇರೆ ಬೇರೆ ಬಾಗಿಲುಗಳು. ಡಿಗ್ರಿ ಮುಗಿಸಿ ಕೆಲಸ ಸಿಗದವರಿಗೆ ಒಂದು, ಫ್ಯಾಕ್ಟರಿ ಕೆಲಸ ಕಳೆದುಕೊಂಡವರಿಗೆ ಒಂದು, ಹಳ್ಳಿಯಲ್ಲಿ ಕೂಲಿ ಕೇಳಿದವರಿಗೆ ಒಂದು, ಮಳೆಗಾಲದಲ್ಲಿ ಬೋಟ್ ಕಟ್ಟಿಹಾಕಿದವರಿಗೆ ಇನ್ನೊಂದು. ತಪ್ಪು ಬಾಗಿಲು ತಟ್ಟಿ ಆರು ತಿಂಗಳು ಕಳೆದು, ಸರಿಯಾದ ಬಾಗಿಲಿಗೆ ಬರುವಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಹಾಗೆಯೇ, ದುಡ್ಡು ಕೊಡದ ಬಾಗಿಲು ಯಾವುದು ಅಂತಲೂ ಗೊತ್ತಿರಲಿ. ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿದರೆ ಕೆಲಸದ ಮಾಹಿತಿ ಬರಬಹುದು, ಭತ್ಯೆ ಬರುವುದಿಲ್ಲ. ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್, ನಮ್ಮವರು ಲೇಬರ್ ಕಾರ್ಡ್ ಅನ್ನುವುದು, ಒಳ್ಳೆಯದೇ. ಮದುವೆ, ಹೆರಿಗೆ, ಚಿಕಿತ್ಸೆ, ಪಿಂಚಣಿಗೆ ಅದರಿಂದ ಸಹಾಯ ಇದೆ. ಆದರೆ ಸೆಂಟ್ರಿಂಗ್ ಕೆಲಸ ನಿಂತು ಮನೆಯಲ್ಲಿ ಕೂತಿದ್ದೀರಿ ಅಂತ ಅದು ತಿಂಗಳ ಹಣ ಕೊಡುವುದಿಲ್ಲ.

ಡಿಗ್ರಿ ಮುಗಿಸಿದವರಿಗೆ ಯುವನಿಧಿ

ಹೆಚ್ಚು ಜನ ಕೇಳಿಕೊಂಡು ಬರುವುದು ಇದನ್ನೇ. ರಾಜ್ಯ ಸರ್ಕಾರದ ಐದು ಗ್ಯಾರಂಟಿಗಳಲ್ಲಿ ಕೊನೆಯದು. 2023ರ ಡಿಸೆಂಬರ್ 26ಕ್ಕೆ ನೋಂದಣಿ ಶುರುವಾಯಿತು, 2024ರ ಜನವರಿ 12ಕ್ಕೆ ಶಿವಮೊಗ್ಗದಲ್ಲಿ ಮೊದಲ ಕಂತು ಹಾಕಿದರು. ಡಿಗ್ರಿ ಆದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500. ಗರಿಷ್ಠ ಎರಡು ವರ್ಷ, ಅಥವಾ ಕೆಲಸ ಸಿಗುವವರೆಗೆ. ಯಾವುದು ಮೊದಲೋ ಅದು.

2022-23ರ ಶೈಕ್ಷಣಿಕ ವರ್ಷದಲ್ಲಿ ಅಥವಾ ಆಮೇಲೆ ಪಾಸಾಗಿರಬೇಕು. ಅದಕ್ಕಿಂತ ಮೊದಲು ಪಾಸಾದವರು ಎಷ್ಟೇ ವರ್ಷದಿಂದ ಖಾಲಿ ಕೂತಿದ್ದರೂ ಲೆಕ್ಕಕ್ಕಿಲ್ಲ. ಇದು ನ್ಯಾಯವಾ ಅಂತ ನನ್ನನ್ನು ಕೇಳಬೇಡಿ, ನನಗೂ ಅನ್ನಿಸುವುದು ಅದೇ. ಪಾಸಾದ ಮೇಲೆ 180 ದಿನ ಕೆಲಸ ಸಿಕ್ಕಿರಬಾರದು. ಅಂದರೆ ರಿಸಲ್ಟ್ ಬಂದ ಮರುದಿನವೇ ಅರ್ಜಿ ಹಾಕಲು ಓಡಿ ಬಂದರೆ ಪ್ರಯೋಜನವಿಲ್ಲ, ಆರು ತಿಂಗಳು ಕಾಯಲೇಬೇಕು. ಜೊತೆಗೆ, ಡಿಗ್ರಿಯೋ ಡಿಪ್ಲೊಮಾವೋ ಮುಗಿಯುವವರೆಗಿನ ಓದಿನಲ್ಲಿ ಕನಿಷ್ಠ ಆರು ವರ್ಷ ಕರ್ನಾಟಕದಲ್ಲಿ ಓದಿರಬೇಕು.

ಈ ಆರು ವರ್ಷದ ಮಾತು ಬೆಂಗಳೂರಿನವರಿಗೆ ಸುಮ್ನೆ ಒಂದು ಸಾಲು. ನಮಗೆ ಹಾಗಲ್ಲ. ಮಾಜಾಳಿ, ಸದಾಶಿವಗಡದ ಕಡೆಯ ಎಷ್ಟೋ ಮಕ್ಕಳು ಗಡಿ ದಾಟಿ ಗೋವಾದಲ್ಲಿ ಓದುತ್ತಾರೆ. ಕೆಲವರು ಸಣ್ಣವರಿದ್ದಾಗಲೇ ಅಜ್ಜಿ ಮನೆಯಲ್ಲಿದ್ದು ಅಲ್ಲಿಯ ಶಾಲೆಗೆ ಹೋದವರು. ಅಂಥವರು ಮೊದಲು ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ಶಾಲೆಯ ವ್ಯಾಸಂಗ ಪ್ರಮಾಣಪತ್ರ ಎಲ್ಲವನ್ನೂ ಮೇಜಿನ ಮೇಲೆ ಹರಡಿ ವರ್ಷ ಎಣಿಸಿ. ಆರು ಆಗುತ್ತದೆ ಅಂತಾದ ಮೇಲೆ ಅರ್ಜಿ ಹಾಕುವ ಸೇವಾ ಸಿಂಧು ಪೋರ್ಟಲ್ ತೆರೆದರೆ ಸಾಕು.

ಕೆಲಸ ಇಲ್ಲದಿದ್ದರೂ ಸಿಗದವರು ಇದ್ದಾರೆ. ಮುಂದೆ ಓದುತ್ತಿರುವವರಿಗೆ ಇಲ್ಲ. ಬಿ.ಇಡಿ ಸೇರಿದರೆ, ಎಂ.ಎಸ್ಸಿ ಸೇರಿದರೆ ಹಣ ನಿಲ್ಲುತ್ತದೆ. ಅಪ್ರೆಂಟಿಸ್ ಆಗಿ ಸ್ಟೈಪೆಂಡ್ ತೆಗೆದುಕೊಳ್ಳುವವರಿಗೆ ಇಲ್ಲ. ಸರ್ಕಾರದ ಯೋಜನೆಯಲ್ಲಿ ಬ್ಯಾಂಕ್ ಸಾಲ ತೆಗೆದು ಸ್ವಂತ ಉದ್ಯೋಗ ಮಾಡುವವರಿಗೂ ಇಲ್ಲ.

ಜಾಸ್ತಿ ಜನ ಎಡವುವುದು ಅರ್ಜಿ ಒಪ್ಪಿಗೆಯಾದ ಮೇಲೆ. "ನನಗೆ ಇನ್ನೂ ಕೆಲಸ ಸಿಕ್ಕಿಲ್ಲ, ಮುಂದೆ ಓದುತ್ತಲೂ ಇಲ್ಲ" ಅಂತ ಆಗಾಗ ಸ್ವಯಂ ಘೋಷಣೆ ಕೊಡುತ್ತಿರಬೇಕು. ಯೋಜನೆ ಶುರುವಾದಾಗ ಪ್ರತಿ ತಿಂಗಳು 25ರೊಳಗೆ ಕೊಡಬೇಕಿತ್ತು. ಈಗ ನಿಮಗೆ ಎಷ್ಟು ದಿನಕ್ಕೊಮ್ಮೆ ಅಂತ ಸೇವಾ ಸಿಂಧು ಲಾಗಿನ್‌ನಲ್ಲಿ ನೋಡಿಕೊಂಡು ಮೊಬೈಲ್‌ನಲ್ಲಿ ಅಲಾರಂ ಇಟ್ಟುಬಿಡಿ. ಘೋಷಣೆ ತಪ್ಪಿದರೆ ಹಣ ತಪ್ಪಿತು. ಕೆಲಸ ಸಿಕ್ಕಮೇಲೂ "ಸಿಕ್ಕಿಲ್ಲ" ಅಂತ ಒತ್ತುವವರಿಗೆ ಒಂದು ಮಾತು. ಹೊಸ ಕೆಲಸದಲ್ಲಿ ಪಿಎಫ್ ಕಡಿತ ಶುರುವಾದರೆ ಅದೇ ಆಧಾರ್ ನಂಬರಿನಲ್ಲಿ ದಾಖಲಾಗುತ್ತದೆ. ಸುಳ್ಳು ಸಿಕ್ಕಿಬಿದ್ದರೆ ತೆಗೆದುಕೊಂಡದ್ದನ್ನು ವಾಪಸ್ ಕಟ್ಟಬೇಕು.

ಫ್ಯಾಕ್ಟರಿ ಕೆಲಸ ಹೋದವರಿಗೆ ಇಎಸ್ಐ

ಬೆಳಿಗ್ಗೆ ಕಾರವಾರ ರೈಲ್ವೆ ಸ್ಟೇಷನ್ನಿಗೆ ಹೋದರೆ ಮಡಗಾಂವ್ ಕಡೆಗೆ ಹೋಗುವ ಹುಡುಗರು, ಹುಡುಗಿಯರು ಡಬ್ಬಿ ಹಿಡಿದು ನಿಂತಿರುತ್ತಾರೆ. ವೆರ್ಣಾದ ಫ್ಯಾಕ್ಟರಿಗಳಲ್ಲಿ ಕೆಲಸ. ಇತ್ತ ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ ಕಡೆ ಗುತ್ತಿಗೆದಾರರ ಕೆಳಗೆ ದುಡಿಯುವವರು ಬೇರೆ. ಇವರಲ್ಲಿ ಎಷ್ಟೋ ಜನರ ಸಂಬಳದಲ್ಲಿ ಪ್ರತಿ ತಿಂಗಳು ಇಎಸ್ಐ, ಅಂದರೆ ನೌಕರರ ರಾಜ್ಯ ವಿಮೆ, ಅಂತ ಸ್ವಲ್ಪ ಹಣ ಕಡಿತವಾಗುತ್ತದೆ. ಕೇಳಿದರೆ "ಅದು ಆಸ್ಪತ್ರೆದ್ದು" ಅನ್ನುತ್ತಾರೆ. ಆಸ್ಪತ್ರೆಯದ್ದು ಹೌದು, ಆದರೆ ಅದರೊಳಗೇ ಕೆಲಸ ಹೋದಾಗಿನ ವಿಮೆಯೂ ಇದೆ ಅಂತ ಗೊತ್ತಿರುವವರು ಕಡಿಮೆ.

ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವವರು ಇಎಸ್ಐಗೆ ಬರುತ್ತಾರೆ. ಅಂಗವಿಕಲರಿಗೆ ಈ ಮಿತಿ 25,000. ನಿಮ್ಮ ಸಂಬಳದಿಂದ ಶೇ 0.75 ಕಡಿತ, ಮಾಲೀಕರು ಹಾಕುವುದು ಶೇ 3.25. ಇದು ಕೇಂದ್ರದ ವ್ಯವಸ್ಥೆ. ಗೋವಾದಲ್ಲಿ ದುಡಿದು ಕಾರವಾರದಲ್ಲಿ ಮನೆ ಇದ್ದರೂ ಇಎಸ್ಐ ನಂಬರ್ ಒಂದೇ, ಹಕ್ಕೂ ಒಂದೇ. ರಾಜ್ಯ ದಾಟಿದ ಕೂಡಲೇ ಸತ್ತುಹೋಗುವುದಿಲ್ಲ.

ಇದರಲ್ಲಿ ಎರಡು ಯೋಜನೆ ಇವೆ. ಹೆಸರು ಉದ್ದ, ಜನ ಎರಡನ್ನೂ ಕಲಸಿಬಿಡುತ್ತಾರೆ.

ಒಂದು, ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. 2018ರ ಜುಲೈ 1ರಿಂದ ಜಾರಿಗೆ ಬಂದದ್ದು. ಕೆಲಸ ಹೋದರೆ ಗರಿಷ್ಠ 90 ದಿನದವರೆಗೆ ಪರಿಹಾರ, ಅದೂ ಜೀವಮಾನದಲ್ಲಿ ಒಮ್ಮೆ. ಮೊದಲು ಸರಾಸರಿ ದಿನಗೂಲಿಯ ಕಾಲು ಭಾಗ ಕೊಡುತ್ತಿದ್ದರು, ಕೊರೊನಾ ವರ್ಷ 2020ರಲ್ಲಿ ಅರ್ಧಕ್ಕೆ ಏರಿಸಿದರು. ಅರ್ಜಿ ಹಾಕಲು ಮೊದಲು ಕೆಲಸ ಹೋಗಿ 90 ದಿನ ಆಗಬೇಕಿತ್ತು, ಅದನ್ನು 30 ದಿನಕ್ಕೆ ಇಳಿಸಿದರು. ಹಳೇ ಮಾಲೀಕರ ಮೂಲಕ ಹೋಗಬೇಕಿಲ್ಲ, ನೀವೇ ನೇರ ಇಎಸ್ಐ ಶಾಖೆಗೆ ಕ್ಲೇಮ್ ಕೊಡಬಹುದು. ಇದು ಮಾತ್ರ ಭಾಳ ಒಳ್ಳೆಯ ಬದಲಾವಣೆ. ಕೆಲಸದಿಂದ ತೆಗೆದವನ ಹತ್ತಿರವೇ ಸಹಿಗೆ ನಿಲ್ಲುವುದು ಯಾರಿಗೆ ಬೇಕು? ಇದು ಅವಧಿ ಹಾಕಿ ಆಗಾಗ ಮುಂದುವರಿಸುತ್ತಾ ಬಂದಿರುವ ಯೋಜನೆ, ಹಾಗಾಗಿ ಕ್ಲೇಮ್ ಹಾಕುವ ದಿನ ಚಾಲ್ತಿಯಲ್ಲಿದೆಯಾ ಅಂತ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ.

ಅರ್ಹತೆಯ ಲೆಕ್ಕ ಸ್ವಲ್ಪ ನಿಧಾನವಾಗಿ ನೋಡಬೇಕು. ವಿಮೆಗೆ ಒಳಪಟ್ಟ ಕೆಲಸದಲ್ಲಿ ಕನಿಷ್ಠ ಎರಡು ವರ್ಷ ಇದ್ದಿರಬೇಕು. ಇಎಸ್ಐ ವರ್ಷವನ್ನು ಎರಡು ತುಂಡು ಮಾಡುತ್ತದೆ: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಕೆಲಸ ಹೋಗುವ ಮೊದಲಿನ ತುಂಡಿನಲ್ಲಿ ಕನಿಷ್ಠ 78 ದಿನದ ವಂತಿಗೆ ಬಿದ್ದಿರಬೇಕು. ಅದರ ಹಿಂದಿನ ಮೂರು ತುಂಡುಗಳಲ್ಲಿ ಯಾವುದಾದರೂ ಒಂದರಲ್ಲಿ ಮತ್ತೆ 78 ದಿನ.

ಉದಾಹರಣೆಗೆ, 2025ರ ನವೆಂಬರ್ 10ಕ್ಕೆ ಕೆಲಸ ಹೋಯಿತು ಅನ್ನಿ. ಮೊದಲು ನೋಡುವುದು 2025ರ ಏಪ್ರಿಲ್‌ನಿಂದ ಸೆಪ್ಟೆಂಬರ್. ಅದರಲ್ಲಿ 78 ದಿನ ಇದೆಯಾ? ಇದ್ದರೆ, ಅದಕ್ಕೂ ಹಿಂದಿನ ಒಂದೂವರೆ ವರ್ಷದ ಮೂರು ತುಂಡುಗಳಲ್ಲಿ ಒಂದರಲ್ಲಾದರೂ 78 ಸಿಗುತ್ತದಾ? ಎರಡಕ್ಕೂ ಹೌದು ಅಂದರೆ ಮುಂದೆ ಹೋಗಬಹುದು. ಮೇ ತಿಂಗಳಲ್ಲಿ ಊರ ಮದುವೆ, ಆಮೇಲೆ ಮಳೆ, ಆಮೇಲೆ ಚೌತಿ ಅಂತ ರಜೆ ಹಾಕಿದ ಗುತ್ತಿಗೆ ಹುಡುಗರು ಮೊದಲ ಪ್ರಶ್ನೆಯಲ್ಲೇ ಬೀಳುವುದನ್ನು ನೋಡಿದ್ದೇನೆ.

ಹಣದ ಲೆಕ್ಕವೂ ಜನ ಅಂದುಕೊಂಡ ಹಾಗಿಲ್ಲ. ಹಿಂದಿನ ನಾಲ್ಕು ತುಂಡು, ಅಂದರೆ ಎರಡು ವರ್ಷದ ಒಟ್ಟು ಗಳಿಕೆಯನ್ನು 730ರಿಂದ ಭಾಗಿಸುತ್ತಾರೆ. ತಿಂಗಳಿಗೆ 15,000 ಇದ್ದು ಎರಡು ವರ್ಷ ಬಿಡದೆ ದುಡಿದಿದ್ದರೆ ಒಟ್ಟು 3,60,000. ಭಾಗಿಸಿದರೆ ದಿನಕ್ಕೆ ಸುಮಾರು 493 ರೂಪಾಯಿ. ಅದರ ಅರ್ಧ 246 ಚಿಲ್ಲರೆ. 90 ದಿನಕ್ಕೆ ಒಟ್ಟು 22,190ರ ಆಸುಪಾಸು. ಮನೆ ನಡೆಸಲು ಸಾಲದು, ಆದರೆ ಸೊಸೈಟಿ ಸಾಲದ ಎರಡು ಕಂತು ಕಟ್ಟಿ ಉಸಿರು ಬಿಡಬಹುದು. ನಡುವೆ ಆರು ತಿಂಗಳು ಮನೆಯಲ್ಲಿದ್ದರೆ ಭಾಗಿಸುವುದು ಆಗಲೂ 730ರಿಂದಲೇ. ಹಾಗಾಗಿ ಕೈಗೆ ಬರುವುದು ಇನ್ನೂ ಕಡಿಮೆ.

ಎರಡನೆಯದು ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ. 2005ರ ಏಪ್ರಿಲ್ 1ರಿಂದ ಇದೆ. ಇದರಲ್ಲಿ ಹಣ ಜಾಸ್ತಿ, ಬಾಗಿಲು ಕಿರಿದು. ಮೊದಲ 12 ತಿಂಗಳು ಕೂಲಿಯ ಅರ್ಧ, ಮುಂದಿನ 12 ತಿಂಗಳು ಕಾಲು ಭಾಗ. ಆ ಅವಧಿಯಲ್ಲಿ ಕುಟುಂಬಕ್ಕೆ ಇಎಸ್ಐ ಚಿಕಿತ್ಸೆಯೂ ಮುಂದುವರಿಯುತ್ತದೆ. ಆದರೆ ಕೆಲಸ ಹೋದ ಕಾರಣ ಮೂರರಲ್ಲಿ ಒಂದಾಗಿರಬೇಕು. ಫ್ಯಾಕ್ಟರಿ ಮುಚ್ಚಿರಬೇಕು, ಅಥವಾ ಹೆಚ್ಚುವರಿ ಕೆಲಸಗಾರರೆಂದು ಕಾನೂನುಪ್ರಕಾರ ತೆಗೆದಿರಬೇಕು, ಇಲ್ಲವೇ ಕೆಲಸಕ್ಕೆ ಸಂಬಂಧವಿಲ್ಲದ ಅಪಘಾತದಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದ ಶಾಶ್ವತ ಅಂಗವೈಕಲ್ಯ ಬಂದಿರಬೇಕು. ಇಲ್ಲೂ ಎರಡು ವರ್ಷದ ವಿಮೆ ಬೇಕು.

ರಾಜೀನಾಮೆ ಬರೆದುಕೊಡಿ ಅಂದಾಗ

ಮಾಜಾಳಿಯ ಹುಡುಗನೊಬ್ಬ ಬಂದಿದ್ದ. ಆರು ವರ್ಷ ಒಂದೇ ಕಡೆ ದುಡಿದವನು. ಕಂಪನಿಯ ಹೆಸರು ಇಲ್ಲಿ ಬೇಡ. ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದ. ಅವನದೇ ಕೈಬರಹ, ಇಂಗ್ಲಿಷ್‌ನಲ್ಲಿ ಎರಡು ಸಾಲು. ವೈಯಕ್ತಿಕ ಕಾರಣದಿಂದ ಕೆಲಸ ಬಿಡುತ್ತಿದ್ದೇನೆ ಅಂತ. ಕೆಳಗೆ ಸಹಿ. ಪಕ್ಕದಲ್ಲಿ ತಾರೀಖು, ಆ ತಾರೀಖು ಮಾತ್ರ ಬೇರೆ ಪೆನ್ನಿನಲ್ಲಿ, ಬೇರೆ ಕೈಯಲ್ಲಿ.

"ನಿನಗೆ ವೈಯಕ್ತಿಕ ಕಾರಣ ಏನಿತ್ತು?" ಅಂದೆ.

"ಏನೂ ಇರಲಿಲ್ಲ. ಲೈನ್ ಬಂದ್ ಮಾಡ್ತೇವೆ, ಇದನ್ನು ಬರೆದುಕೊಟ್ಟರೆ ಸಂಬಳ ಬೇಗ ಕ್ಲಿಯರ್ ಮಾಡ್ತೇವೆ ಅಂದ್ರು."

ಆ ಎರಡು ಸಾಲಿನ ಬೆಲೆ ಎಷ್ಟು ಅಂತ ಅವತ್ತು ಕೂತು ಲೆಕ್ಕ ಹಾಕಿದೆವು. ಹೆಚ್ಚುವರಿಯೆಂದು ತೆಗೆದುಹಾಕಿದರೆ ಕಾನೂನಿನ ಪ್ರಕಾರ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಪೂರ್ತಿಯಾದ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ ಕೊಡಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಇದ್ದದ್ದು ಇದೇ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದು ಹಾಗೇ ಇದೆ. ಹೊಸ ಸಂಹಿತೆಯಲ್ಲಿ ಮರುಕೌಶಲ ನಿಧಿ ಅಂತ ಇನ್ನೊಂದು ಸೇರಿದೆ. ಮಾಲೀಕರು ಇನ್ನೂ 15 ದಿನದ ಸಂಬಳದಷ್ಟು ಹಾಕಬೇಕು, ಅದು ಕೆಲಸದಿಂದ ತೆಗೆದ 45 ದಿನದೊಳಗೆ ಕಾರ್ಮಿಕನ ಖಾತೆಗೆ ಬರಬೇಕು. ಆರು ವರ್ಷಕ್ಕೆ ಬರೀ ಪರಿಹಾರವೇ 90 ದಿನದ ಸಂಬಳ. ರಾಜೀವ್ ಗಾಂಧಿ ಯೋಜನೆಯ ಭತ್ಯೆ ಬೇರೆ. ರಾಜೀನಾಮೆ ಅಂದಮೇಲೆ ಇವ್ಯಾವುದೂ ಇಲ್ಲ. ನೀವಾಗಿಯೇ ಬಿಟ್ಟು ಬಂದ ಹಾಗಾಯಿತು, ಅಲ್ವಾ?

ಅಟಲ್ ಯೋಜನೆಯಲ್ಲೂ ಸ್ವಯಂ ನಿವೃತ್ತಿ ತೆಗೆದುಕೊಂಡವರು, ವಯಸ್ಸಾಗಿ ನಿವೃತ್ತರಾದವರು, ದುರ್ನಡತೆಗೆ ವಜಾ ಆದವರು ಹೊರಗೆ. ಹಾಗಾಗಿ ದಾಖಲೆಯಲ್ಲಿ ಕೆಲಸ ಹೋದ ಕಾರಣ ಏನಂತ ಬರೆದಿದ್ದಾರೆ ಅನ್ನುವುದು ಮುಖ್ಯ. ಗ್ರಾಚ್ಯುಟಿ, ಅಂದರೆ ಸೇವೆಗೆ ಕೊನೆಯಲ್ಲಿ ಕೊಡುವ ಇಡುಗಂಟು, ಮಾತ್ರ ಬೇರೆ ವಿಷಯ. ಐದು ವರ್ಷ ತುಂಬಿದ್ದರೆ ರಾಜೀನಾಮೆ ಕೊಟ್ಟರೂ ಸಿಗಬೇಕು. ಆ ಹುಡುಗನಿಗೆ ಅದೂ ಗೊತ್ತಿರಲಿಲ್ಲ. ಅವನು ಕೊನೆಗೆ ಕಾರ್ಮಿಕ ಇಲಾಖೆಗೆ ಅರ್ಜಿ ಬರೆದ. ಲೈನ್ ಬಂದ್ ಮಾಡುವ ಬಗ್ಗೆ ಗ್ರೂಪಿನಲ್ಲಿ ಬಂದಿದ್ದ ವಾಟ್ಸಾಪ್ ಮೆಸೇಜಿನ ಪ್ರಿಂಟ್, ಬೇರೆ ಕೈಯ ತಾರೀಖು ಇದ್ದ ಆ ಫೋಟೋ, ಎರಡನ್ನೂ ಲಗತ್ತಿಸಿದೆವು. ಫೋಟೋ ತೆಗೆದಿಟ್ಟುಕೊಂಡಿದ್ದು ಅವನ ಪುಣ್ಯ.

ಪಿಎಫ್ ನಿಮ್ಮದೇ ಹಣ, ಆದರೂ

ಪಿಎಫ್ ಭತ್ಯೆಯಲ್ಲ, ನೀವು ಕೂಡಿಟ್ಟದ್ದು. ಆದರೂ ಕೆಲಸ ಹೋದಾಗ ಜನ ಮೊದಲು ಕೈ ಹಾಕುವುದು ಅದಕ್ಕೇ. ಒಂದು ತಿಂಗಳು ಕೆಲಸವಿಲ್ಲದಿದ್ದರೆ ಶೇ 75, ಎರಡು ತಿಂಗಳಾದರೆ ಉಳಿದದ್ದೂ, ಅನ್ನುವುದು 2018ರ ಕೊನೆಯಿಂದ ಇದ್ದ ನಿಯಮ. 2025ರ ಅಕ್ಟೋಬರ್‌ನಲ್ಲಿ ಪಿಎಫ್ ಟ್ರಸ್ಟಿ ಮಂಡಳಿ ಇದನ್ನು ಬದಲಿಸಲು ನಿರ್ಧರಿಸಿತು. ಶೇ 75 ಕೂಡಲೇ ತೆಗೆಯಬಹುದು, ಪೂರ್ತಿ ಲೆಕ್ಕ ಚುಕ್ತಾ ಆಗಲು 12 ತಿಂಗಳು ಕೆಲಸವಿಲ್ಲದೆ ಇರಬೇಕು, ಪಿಂಚಣಿ ಪಾಲು ತೆಗೆಯಲು 36 ತಿಂಗಳು. ನೀವು ಅರ್ಜಿ ಹಾಕುವ ದಿನ ಯಾವ ನಿಯಮ ಅನ್ವಯ ಅಂತ ಪೋರ್ಟಲ್ಲೇ ತೋರಿಸುತ್ತದೆ. ಪೇಟೆಯಲ್ಲಿ ಕೇಳಿದ್ದನ್ನು ನಂಬಬೇಡಿ.

ಇಲ್ಲಿ ಗಂಟು ಬೀಳುವುದು "ನಿರ್ಗಮನ ದಿನಾಂಕ" ಅನ್ನುವ ಒಂದು ಕಾಲಂನಲ್ಲಿ. ಇದು ನನ್ನದೇ ಅನುಭವ. ಅಂಗಡಿ ಹಾಕುವ ಮೊದಲು ನಾನೂ ಒಂದು ಕಡೆ ಕೆಲಸಕ್ಕಿದ್ದೆ. ಬಿಟ್ಟು ಬಂದು ಪಿಎಫ್ ತೆಗೆಯಲು ಹೋದರೆ ಪೋರ್ಟಲ್ ಪ್ರಕಾರ ನಾನು ಇನ್ನೂ ಅಲ್ಲೇ ದುಡಿಯುತ್ತಿದ್ದೆ. ಹಳೇ ಆಫೀಸಿನವರು ನಿರ್ಗಮನ ದಿನಾಂಕ ತುಂಬಿರಲಿಲ್ಲ. ಫೋನ್ ಮಾಡಿದರೆ "ನಾಳೆ ಮಾಡ್ತೇವೆ". ನಾಲ್ಕು ತಿಂಗಳು ನಾಳೆ ಆಯಿತು. ಆಮೇಲೆ ಗೊತ್ತಾಗಿದ್ದೇನೆಂದರೆ, ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ ಸದಸ್ಯರೇ ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ಲಾಗಿನ್‌ನಲ್ಲಿ ಆಧಾರ್ ಒಟಿಪಿ ಕೊಟ್ಟು ಅದನ್ನು ತುಂಬಬಹುದು. ಐದು ನಿಮಿಷದ ಕೆಲಸ. ಆದರೆ ತಾರೀಖು ನೋಡಿ ಹಾಕಿ, ಒಮ್ಮೆ ಹಾಕಿದ್ದನ್ನು ತಿದ್ದಿಸುವುದು ತಲೆನೋವು. ಇಎಸ್ಐ ಕ್ಲೇಮ್‌ನಲ್ಲಿ ಒಂದು ತಾರೀಖು, ಪಿಎಫ್‌ನಲ್ಲಿ ಇನ್ನೊಂದು ಇದ್ದರೆ ಎರಡೂ ಕಡೆ ಪ್ರಶ್ನೆ ಬರುತ್ತದೆ.

ಐದು ವರ್ಷಕ್ಕಿಂತ ಕಡಿಮೆ ಸೇವೆ ಇದ್ದು 50,000ಕ್ಕಿಂತ ಜಾಸ್ತಿ ತೆಗೆದರೆ ತೆರಿಗೆ ಹಿಡಿಯುತ್ತಾರೆ. ಪ್ಯಾನ್ ಜೋಡಿಸಿರದಿದ್ದರೆ ಇನ್ನೂ ಜಾಸ್ತಿ. ಬೇರೆ ಕೆಲಸ ಸಿಗುವ ನಂಬಿಕೆ ಇದ್ದರೆ ತೆಗೆಯಬೇಡಿ ಅಂತಲೇ ನಾನು ಹೇಳುವುದು. ಕೇಳುವವರು ಕಡಿಮೆ.

ಹಳ್ಳಿಯಲ್ಲಿ ನಮೂನೆ 6

ಉದ್ಯೋಗ ಖಾತ್ರಿಯಲ್ಲಿ ಕೆಲಸ ಕೇಳಿ 15 ದಿನದೊಳಗೆ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಅಂತ 2005ರ ಕಾಯ್ದೆಯಲ್ಲೇ ಬರೆದಿದೆ. ಮೊದಲ 30 ದಿನ ಕೂಲಿಯ ಕನಿಷ್ಠ ಕಾಲು ಭಾಗ, ಆಮೇಲೆ ಆ ಆರ್ಥಿಕ ವರ್ಷದಲ್ಲಿ ಕನಿಷ್ಠ ಅರ್ಧ. 2025-26ಕ್ಕೆ ಕರ್ನಾಟಕದ ಕೂಲಿ 370 ರೂಪಾಯಿ, ಹಾಗಾಗಿ ದಿನಕ್ಕೆ 92 ರೂಪಾಯಿ 50 ಪೈಸೆ, ಆಮೇಲೆ 185. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಇದರ ಜಾಗಕ್ಕೆ 125 ದಿನದ ಹೊಸ ಕಾಯ್ದೆ ತಂದಿದೆ. ಕೆಲಸ ಕೊಡದಿದ್ದರೆ ಭತ್ಯೆ ಅನ್ನುವ ಮಾತು ಅದರಲ್ಲೂ ಉಳಿದಿದೆ.

ಕಾಗದದ ಮೇಲೆ ಇಷ್ಟು ಸ್ಪಷ್ಟ. ಆದರೆ ನನ್ನ ಅಂಗಡಿಗೆ ಬಂದವರಲ್ಲಿ ಈ ಭತ್ಯೆ ಕೈಗೆ ಸಿಕ್ಕವರನ್ನು ನಾನು ಇನ್ನೂ ನೋಡಿಲ್ಲ. ಕಾರಣ ಸರಳ. ನಮ್ಮವರು ಪಂಚಾಯ್ತಿಗೆ ಹೋಗಿ ಬಾಯಲ್ಲಿ ಕೇಳುತ್ತಾರೆ. "ಇಂಗುಗುಂಡಿ ಕೆಲಸ ಏನಾದ್ರೂ ಉಂಟಾ?" "ಈಗ ಇಲ್ಲ, ಬಂದಾಗ ಹೇಳ್ತೇವೆ." ಮುಗಿಯಿತು. ಹೀಗೆ ಕೇಳಿದ್ದಕ್ಕೆ ದಾಖಲೆ ಎಲ್ಲಿದೆ? ನಮೂನೆ 6ರಲ್ಲಿ ಬರೆದುಕೊಡಬೇಕು. ಕನಿಷ್ಠ 14 ದಿನದ ಕೆಲಸ ಕೇಳಬೇಕು. ತಾರೀಖು ಇರುವ ಸ್ವೀಕೃತಿ ರಸೀದಿ ತೆಗೆದುಕೊಂಡೇ ಹೊರಗೆ ಬರಬೇಕು. 15 ದಿನ ಎಣಿಸುವುದು ಆ ರಸೀದಿಯಿಂದ. ರಸೀದಿ ಕೇಳಿದರೆ ಪಂಚಾಯ್ತಿಯವರ ಮುಖ ಸ್ವಲ್ಪ ಸಪ್ಪೆಯಾಗಬಹುದು, ಆಗಲಿ. ಒಂದು ಗಮ್ಮತ್ತು ಏನೆಂದರೆ, ರಸೀದಿ ಕೊಟ್ಟ ಮೇಲೆ ಬಹಳ ಸಲ ಕೆಲಸವೇ ಬಂದುಬಿಡುತ್ತದೆ. ಭತ್ಯೆಯ ಹೊರೆ ಬೀಳುವುದು ರಾಜ್ಯದ ಮೇಲೆ ನೋಡಿ.

ಬೋಟ್ ಕಟ್ಟಿಹಾಕಿದ 61 ದಿನ

ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟ್‌ಗಳಿಗೆ ನಿಷೇಧ. ಬೈತಖೋಲದಲ್ಲಿ, ತದಡಿಯಲ್ಲಿ ಬೋಟ್‌ಗಳು ಒಂದಕ್ಕೊಂದು ಒರಗಿ ನಿಂತಿರುತ್ತವೆ. ಇಲ್ಲಿ ತಾರೀಖು ಎಲ್ಲರಿಗೂ ಬಾಯಿಪಾಠ, ಹಾಗಾಗಿ ಸಮಸ್ಯೆ ಇರಬಾರದು ಅನ್ನಿಸುತ್ತದೆ.

ಇದೆ. ಮೀನುಗಾರರಿಗೆ ಇರುವುದು ಉಳಿತಾಯ ಮತ್ತು ಪರಿಹಾರ ಯೋಜನೆ. ಹೆಸರಿನಲ್ಲೇ ಉಳಿತಾಯ ಮೊದಲು ಬಂದಿದೆ, ಅದನ್ನು ಯಾರೂ ಗಮನಿಸುವುದಿಲ್ಲ. ಮೀನುಗಾರ ತನ್ನ ಪಾಲು 1,500 ರೂಪಾಯಿಯನ್ನು ಮೀನುಗಾರಿಕೆ ಇರುವ ತಿಂಗಳುಗಳಲ್ಲೇ ಕಟ್ಟಿರಬೇಕು. ಕೇಂದ್ರ, ರಾಜ್ಯ ಸೇರಿ 3,000 ಹಾಕುತ್ತವೆ. ಒಟ್ಟು 4,500, ಮೂರು ತಿಂಗಳಿಗೆ ತಿಂಗಳಿಗೆ 1,500ರಂತೆ. ಮೀನುಗಾರರ ಸಹಕಾರ ಸಂಘದ ಸದಸ್ಯರಾಗಿರಬೇಕು, ಬಡತನ ರೇಖೆಗಿಂತ ಕೆಳಗಿರಬೇಕು, 18ರಿಂದ 60ರ ಒಳಗಿರಬೇಕು. ಜೂನ್ ತಿಂಗಳಲ್ಲಿ ಬಲೆ ರಿಪೇರಿ ಮಾಡುತ್ತಾ ನೆನಪಾಗಿ ಸಂಘಕ್ಕೆ ಹೋದರೆ ಆ ವರ್ಷದ್ದು ತಪ್ಪಿತು.

ಹೆಸರು ಮತ್ತು ಖಾತೆ

ಎಲ್ಲ ಅರ್ಹತೆ ಇದ್ದೂ ಹಣ ಬಾರದೆ ಇರಲು ನಮ್ಮ ಜಿಲ್ಲೆಯಲ್ಲಿ ಎರಡು ಕಾರಣ ಪದೇ ಪದೇ ಕಾಣುತ್ತವೆ. ಒಂದು ಅಡ್ಡಹೆಸರು. ಆಧಾರ್‌ನಲ್ಲಿ ನಾಯ್ಕ, ಅಂಕಪಟ್ಟಿಯಲ್ಲಿ ನಾಯಕ, ಪ್ಯಾನ್‌ನಲ್ಲಿ ಗೋವಾದ ಏಜೆಂಟ್ ಬರೆದಂತೆ ನಾಯಿಕ್. ಒಂದು ಕಡೆ ಹರಿಕಂತ್ರ, ಇನ್ನೊಂದು ಕಡೆ ಹರಿಕಾಂತ. ಮನುಷ್ಯರಿಗೆ ಇದು ಒಂದೇ ಹೆಸರು. ಕಂಪ್ಯೂಟರ್‌ಗೆ ಮೂವರು ಬೇರೆ ಬೇರೆ ಜನ. ಕೆಲಸ ಇರುವಾಗಲೇ ಒಂದೇ ಥರ ಮಾಡಿಸಿಕೊಳ್ಳಿ.

ಇನ್ನೊಂದು ಬ್ಯಾಂಕ್. "ಆಧಾರ್ ಲಿಂಕ್ ಆಗಿದೆ" ಅನ್ನುತ್ತಾರೆ. ಬ್ಯಾಂಕಿನಲ್ಲಿ ಆಧಾರ್ ಕಾಪಿ ಕೊಟ್ಟಿದ್ದು ಬೇರೆ, ಸರ್ಕಾರದ ಹಣ ಬರುವ ಖಾತೆ ಇದೇ ಅಂತ ಎನ್‌ಪಿಸಿಐ, ಅಂದರೆ ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿ ಸೇರಿಸುವುದು ಬೇರೆ. ಎರಡನೆಯದು ಒಂದೇ ಒಂದು ಖಾತೆಗೆ ಇರುತ್ತದೆ. ಸಿಮ್ ತೆಗೆದುಕೊಳ್ಳುವಾಗ ಬೆರಳು ಒತ್ತಿಸಿಕೊಂಡು ತೆರೆದ ಯಾವುದೋ ಖಾತೆಗೆ ಒಬ್ಬ ಹುಡುಗಿಯ ಎಂಟು ತಿಂಗಳ ಯುವನಿಧಿ ಹೋಗಿ ಕೂತಿದ್ದನ್ನು ನಾನೇ ಹುಡುಕಿಕೊಟ್ಟಿದ್ದೇನೆ. ಅವಳಿಗೆ ಹಣ ಬಂದೇ ಇಲ್ಲ ಅಂತ ಮನೆಯವರೆಲ್ಲ ಸರ್ಕಾರವನ್ನು ಬೈಯುತ್ತಿದ್ದರು. ಘಟ್ಟದ ಮೇಲಿನವರು ಸೊಸೈಟಿ ಖಾತೆಯ ನಂಬರ್ ತರುತ್ತಾರೆ, ಅಡಿಕೆ ಹಣವೆಲ್ಲ ಅದಕ್ಕೇ ಬರುವುದರಿಂದ. ಪ್ರಾಥಮಿಕ ಸಂಘದ ಆ ಖಾತೆಗೆ ಈ ಹಣ ಬರುವುದಿಲ್ಲ, ಬ್ಯಾಂಕ್ ಖಾತೆಯೇ ಬೇಕು.

ಮೊನ್ನೆ ಶಿರಸಿ ಕಡೆಯ ಕೊನೆಗೌಡರೊಬ್ಬರು ಮಗಳ ಮನೆಗೆ ಅಂತ ಕಾರವಾರಕ್ಕೆ ಬಂದವರು ಅಂಗಡಿಗೂ ಬಂದರು. ಮೂವತ್ತು ವರ್ಷ ಅಡಿಕೆ ಮರ ಹತ್ತಿದವರು. ಮಂಡಿ ಹೋಗಿದೆ, ಈ ಸಲದ ಕೊಯ್ಲಿಗೆ ಯಾರೂ ಕರೆದಿಲ್ಲ. ಅಸಂಘಟಿತ ಕಾರ್ಮಿಕರ ನೋಂದಣಿಯ ಇ-ಶ್ರಮ್ ಕಾರ್ಡ್ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದರು. ನಾನು ಎಲ್ಲ ಬಾಗಿಲುಗಳನ್ನೂ ಮನಸ್ಸಿನಲ್ಲೇ ತಟ್ಟಿ ನೋಡಿದೆ. ಡಿಗ್ರಿ ಇಲ್ಲ, ಇಎಸ್ಐ ಇಲ್ಲ, ಪಿಎಫ್ ಇಲ್ಲ. ಖಾತ್ರಿಯ ಜಾಬ್ ಕಾರ್ಡ್ ಮಾಡಿಸಬಹುದು, ಆದರೆ ಗುಂಡಿ ತೋಡಲು ಆ ಮಂಡಿಗೆ ಆಗುವುದಿಲ್ಲ.

"ಇದರಲ್ಲಿ ಈಗ ಏನೂ ಬರೋದಿಲ್ಲ" ಅಂದೆ.

ಅವರು ಕಾರ್ಡನ್ನು ಮತ್ತೆ ಕವರಿಗೆ ಹಾಕಿದರು. "ಹಂಗಾರೆ ಇದನ್ನ ಮಾಡಿಸಿದ್ದು ಎಂತಕ್ಕೆ?" ಅಂತ ಕೇಳಿದರು. ಅಂಗವೈಕಲ್ಯ ಪಿಂಚಣಿಗೆ ವೈದ್ಯರ ಪ್ರಮಾಣಪತ್ರ ಬೇಕಾಗುತ್ತದೆ, ಯಾವ ವಾರ ಶಿಬಿರ ಇದೆ ಅಂತ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ಝೆರಾಕ್ಸಿನ ದುಡ್ಡು ತೆಗೆದುಕೊಳ್ಳಲಿಲ್ಲ.